ಮಗನ ಕೋಣೆಯಲ್ಲಿ ಒಂದೆಲಗ

ಮಗ ಕೆಲಸ ಸಿಕ್ಕಿ ಪುಣೆಗೆ ಹೋದ ಮೇಲೆ ಅವನ ಕೋಣೆ ಹಳೇ ಪೇಪರು, ಇಸ್ತ್ರಿಗೆ ಹಾಕಬೇಕಾದ ಬಟ್ಟೆ, ಹಬ್ಬದ ಪಾತ್ರೆಗಳ ಗೋದಾಮಾಗಿತ್ತು. ಒಂಬತ್ತಡಿ ಅಗಲ, ಹತ್ತಡಿ ಉದ್ದ. ಇರುವ ಒಂದೇ ಕಿಟಕಿ ತೆರೆದು ಕೈ ಚಾಚಿದರೆ ಪಕ್ಕದ ಮನೆಯ ಗೋಡೆ ಸಿಗುತ್ತದೆ. ಬೆಂಗಳೂರಲ್ಲಿ ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾರಸಿಯ ಮೇಲೆ ಸಿಂಟೆಕ್ಸು, ಸೋಲಾರು, ಮೇಲಿನ ಬಾಡಿಗೆಯವರ ಬಟ್ಟೆ ಹಗ್ಗ. ಇಂಥ ಮನೆಯಲ್ಲಿ ಸೊಪ್ಪು ಬೆಳೆಯುವ ಹುಚ್ಚು ನನಗೆ ಹತ್ತಿದ್ದು ಜಿಕೆವಿಕೆಯ ಕೃಷಿ ಮೇಳದಲ್ಲಿ. ಮಣ್ಣೇ ಇಲ್ಲದೆ, ಬರೀ ಗೊಬ್ಬರದ ನೀರು ಹರಿಯುವ ಬಿಳೀ ಪೈಪಿನ ತೂತುಗಳಲ್ಲಿ ಲೆಟ್ಯೂಸು ಗುಲಾಬಿ ಹೂವಿನ ಹಾಗೆ ಅರಳಿ ಕೂತಿತ್ತು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವಳು ನಾನು, ಇದೇನು ಮಹಾ ಅನ್ನಿಸಿತು.

ನೋಟ್‌ಬುಕ್ಕಿನಲ್ಲಿ ಪ್ಲಾನ್ ಹಾಕಿದೆ. ಎಷ್ಟು ಪೈಪು, ಎಷ್ಟು ತೂತು, ಎಷ್ಟು ಗಿಡ. ಈಗ ಆ ಪುಟ ತೆಗೆದರೆ ನಗು ಬರುತ್ತದೆ. ಗಿಡಗಳ ಲೆಕ್ಕ ಇದೆ, ಕೋಣೆಯ ಲೆಕ್ಕವೇ ಇಲ್ಲ. ನೀರು ಎಲ್ಲಿಂದ ಬರುತ್ತೆ, ಬಳಸಿದ್ದು ಎಲ್ಲಿಗೆ ಹೋಗುತ್ತೆ, ಬಿಸಿ ಎಲ್ಲಿಗೆ ಹೋಗುತ್ತೆ, ಇದರ ಬಗ್ಗೆ ಒಂದಕ್ಷರ ಬರೆದಿರಲಿಲ್ಲ.

ಮೊದಲ ಪೆಟ್ಟು ನೀರಿನದು. ನಮ್ಮ ಸಂಪಿಗೆ ಎರಡು ದಿನಕ್ಕೊಮ್ಮೆ ಕಾವೇರಿ ಬರುತ್ತದೆ, ಸಾಲದಿದ್ದರೆ ಬೋರಿನ ನೀರು ಬಿಡುತ್ತೇವೆ. ಪೈಪುಗಳಿಗೆ ನೀರುಣಿಸುವ ಟ್ಯಾಂಕನ್ನು ಮೊದಲ ಸಲ ತುಂಬಿಸಿದ ವಾರ ಕಾವೇರಿ ಬಂದಿರಲಿಲ್ಲ. ಅದು ನನ್ನ ತಲೆಯಲ್ಲೇ ಇರಲಿಲ್ಲ, ನೀರು ನೀರೇ ತಾನೆ. ಅಳತೆಯ ಪ್ರಕಾರ ಗೊಬ್ಬರ ಹಾಕಿದೆ. ವಾರದೊಳಗೆ ಎಲೆಯ ಅಂಚು ಸುಟ್ಟಂತಾಯಿತು, ಚಿಗುರು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದವು. ಕೊನೆಗೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರು ತಂದು ಗೊಬ್ಬರ ಹಾಕದ ಸಂಪಿನ ನೀರಿಗೆ ಅದ್ದಿದರೆ 870 ತೋರಿಸಿತು. ಲೆಟ್ಯೂಸಿಗೆ ಗೊಬ್ಬರವೆಲ್ಲ ಬೆರೆಸಿದ ಮೇಲೆ ಇರಬೇಕಾದದ್ದೇ 600ರ ಆಸುಪಾಸು. ಅಂದರೆ ಉಪ್ಪಿನಕಾಯಿಗೆ ಮತ್ತೆ ಉಪ್ಪು ಹಾಕಿದ ಹಾಗಾಗಿತ್ತು. ಮುಂದಿನ ವಾರ ಬರೀ ಕಾವೇರಿ ನೀರಿಗೆ ಅದ್ದಿದಾಗ 210.

ಹಳದಿ ಚಿಗುರಿಗೆ ಕಾರಣ ಇನ್ನೊಂದಿತ್ತು. ಬೋರಿನ ನೀರಿನ ಬೈಕಾರ್ಬನೇಟು ಪಿಎಚ್ಚನ್ನು ಮೇಲಕ್ಕೆ ಎಳೆಯುತ್ತದೆ. 5.5ರಿಂದ 6.5ರೊಳಗೆ ಇರಬೇಕಾದದ್ದು ನಮ್ಮಲ್ಲಿ 7.8 ಇತ್ತು. ಅಷ್ಟಾದರೆ ನೀರಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ನಿಂಬೆಹಣ್ಣು ಹಿಂಡಿ ಎಂದು ಯಾರೋ ಹೇಳಿದರು, ಹಿಂಡಿದೆ. ಸಂಜೆ 6ಕ್ಕೆ ಇಳಿದದ್ದು ಎರಡು ದಿನದಲ್ಲಿ ಮತ್ತೆ ಮೊದಲಿನಂತೆ. ನೀರಿನ ಸೂಕ್ಷ್ಮಾಣುಗಳು ಆ ಹುಳಿಯನ್ನು ತಿಂದು ಮುಗಿಸುತ್ತವೆ. ನಾನು ಮತ್ತೆ ಹಿಂಡುವುದು, ಅವು ಮತ್ತೆ ತಿನ್ನುವುದು. “ರಾಮನವಮಿ ಮುಗೀತು, ಇನ್ನೂ ಪಾನಕ ಹಂಚ್ತಾ ಇದೀಯಲ್ಲೇ” ಅಂದರು ನಮ್ಮನೆಯವರು. ಆಮೇಲೆ ಫಾಸ್ಫಾರಿಕ್ ಆಸಿಡ್ ತರಿಸಿ, ನೀರಿಗೆ ಆಸಿಡ್ಡನ್ನೇ ಹನಿಹನಿಯಾಗಿ ಸೇರಿಸಿ (ಆಸಿಡ್ಡಿಗೆ ನೀರು ಹಾಕಬಾರದೆಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ) ಸರಿ ಮಾಡಿಕೊಂಡೆ. ಆದರೆ ನಿಜವಾದ ಪರಿಹಾರ ಸಿಕ್ಕಿದ್ದು ಮಳೆಗಾಲದಲ್ಲಿ. ತಾರಸಿಯ ಪೈಪಿಗೆ ಡ್ರಮ್ಮು ಇಟ್ಟೆ, ಮೊದಲ ಮಳೆಯ ಕೊಳೆ ಹರಿದು ಹೋಗಲು ಬಿಟ್ಟು ಆಮೇಲಿನದು ಹಿಡಿದೆ. ಮೀಟರು 25 ತೋರಿಸಿತು. ಮಳೆನೀರು ಇರುವಷ್ಟು ದಿನ ನನಗೆ ಯಾವ ತಕರಾರೂ ಬರಲಿಲ್ಲ.

ಗೊಬ್ಬರದ ವಿಷಯದಲ್ಲಿ ಮಾಡಿದ ತಪ್ಪನ್ನು ನನ್ನ ಹಳೇ ವಿದ್ಯಾರ್ಥಿಗಳು ಓದದಿರಲಿ. ಗೊಬ್ಬರದಂಗಡಿಯಿಂದ ಕ್ಯಾಲ್ಸಿಯಂ ನೈಟ್ರೇಟು, ಮೆಗ್ನೀಷಿಯಂ ಸಲ್ಫೇಟು, ಪೊಟ್ಯಾಷಿಯಂ ಫಾಸ್ಫೇಟು ತಂದು, ಮೂರನ್ನೂ ಒಂದೇ ಬಕೆಟ್ಟಿನಲ್ಲಿ ಗಟ್ಟಿಯಾಗಿ ಕಲಸಿಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಸುಣ್ಣದಂಥ ಬಿಳೀ ಗಸಿ. ಕರಗಿಲ್ಲವೇನೋ ಎಂದು ಬಿಸಿನೀರು ಹಾಕಿ, ಸೌಟಿನಲ್ಲಿ ತಿರುವಿ, ಅರ್ಧ ಗಂಟೆ ಒದ್ದಾಡಿದೆ. ಸೌಟು ತಿರುವುತ್ತಿದ್ದಾಗಲೇ ಹೊಳೆಯಿತು, ಇದು ಪ್ರಕ್ಷೇಪ. ಕ್ಯಾಲ್ಸಿಯಂ ಹೋಗಿ ಸಲ್ಫೇಟನ್ನೂ ಫಾಸ್ಫೇಟನ್ನೂ ಹಿಡಿದುಕೊಂಡು ತಳ ಸೇರಿದೆ, ಗಿಡಕ್ಕೆ ಮೂರೂ ಇಲ್ಲ. ಹತ್ತನೇ ಕ್ಲಾಸಿನ ಪಾಠ. ಈಗ ಕ್ಯಾಲ್ಸಿಯಂಗೆ ಬೇರೆ ಕ್ಯಾನು, ಉಳಿದವಕ್ಕೆ ಬೇರೆ ಕ್ಯಾನು. ಎರಡೂ ಒಟ್ಟಿಗೆ ಸೇರುವುದು ತುಂಬಿದ ಟ್ಯಾಂಕಿನಲ್ಲೇ, ಅಷ್ಟು ತೆಳುವಾದಾಗ ಜಗಳವಿಲ್ಲ. ಎಲ್ಲ ಅಂಗಡಿಯಲ್ಲೂ ಸಿಗುವ 19:19:19 ಒಂದನ್ನೇ ಹಾಕಿದರೆ ಸಾಕು ಅನ್ನುವವರಿದ್ದಾರೆ. ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದ್ದು. ಮಣ್ಣಿನಲ್ಲಾದರೆ ಅದನ್ನು ಒಡೆದುಕೊಡುವ ಜೀವಿಗಳಿವೆ, ಬರೀ ನೀರಿನಲ್ಲಿ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ.

ಬೆಳಕಿಗೆಂದು ಮೊದಲು ತಂದದ್ದು ಕೆಂಪು–ನೀಲಿಯ ಎಲ್‌ಇಡಿ ಪಟ್ಟಿ. ರಾತ್ರಿ ಕಿಟಕಿಯಿಂದ ಬೀದಿಗೆ ನೇರಳೆ ಬೆಳಕು. “ಮಿಸ್, ಮನೇಲಿ ಏನಾದ್ರೂ ಆರ್ಕೆಸ್ಟ್ರಾ ಶುರು ಮಾಡಿದ್ರಾ?” ಎಂದು ಎದುರುಮನೆಯ ಹುಡುಗ ಕೇಳಿದ. ಅದು ಹೋಗಲಿ, ಆ ಬೆಳಕಲ್ಲಿ ಎಲೆ ಹಳದಿಯೋ ಹಸಿರೋ ಒಂದೂ ಗೊತ್ತಾಗುತ್ತಿರಲಿಲ್ಲ. ತೆಗೆದುಹಾಕಿ, ಅಡುಗೆಮನೆಗೆ ಹಾಕುವಂಥ 20 ವ್ಯಾಟಿನ ಬಿಳೀ ಎಲ್‌ಇಡಿ ಟ್ಯೂಬು ಹನ್ನೆರಡು ಕಟ್ಟಿಸಿದೆ. ಸೊಪ್ಪಿಗೆ ಅದು ಧಾರಾಳ ಸಾಕು.

ದಿನಕ್ಕೆ 16 ಗಂಟೆ ಉರಿಸಿದೆ. ಅಂದರೆ ದಿನಕ್ಕೆ 3.84 ಯೂನಿಟ್ಟು, ತಿಂಗಳಿಗೆ 115. ಮನೆಯ ಬಳಕೆ 110 ಇತ್ತು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟು ದಾಟಿದರೆ ಹೆಚ್ಚಾದ ಇಪ್ಪತ್ತೈದಕ್ಕೆ ಮಾತ್ರವಲ್ಲ, ಪೂರ್ತಿ 225ಕ್ಕೂ ದುಡ್ಡು ಕಟ್ಟಬೇಕು. ಆ ತಿಂಗಳ ಬಿಲ್ಲನ್ನು ನಮ್ಮನೆಯವರು ಮಾತಾಡದೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ, “ಪಾಲಕ್, ಕಟ್ಟು 20 ರೂಪಾಯಿ, ನಮ್ಮ ಬೀದಿಗೇ ಬರುತ್ತೆ.”

ವೈರಿಂಗಿಗೆ ಬಂದ ಹುಡುಗನಿಗೆ ಮಾತ್ರ ನಾನು ಋಣಿ. ಪಂಪಿನ ಎಕ್ಸ್‌ಟೆನ್ಷನ್ ಬೋರ್ಡನ್ನು ಟ್ಯಾಂಕಿನ ಪಕ್ಕ ನೆಲದ ಮೇಲಿಟ್ಟು, ಪ್ಲಗ್ಗಿನ ಸುತ್ತ ಟೇಪು ಸುತ್ತಿದ್ದೆ. ನೋಡಿ ತಲೆ ಚಚ್ಚಿಕೊಂಡ. “ಟೀಚರ್, ಟೇಪು ಕಂಡ್ರೆ ಕರೆಂಟು ಹೆದರಲ್ಲ.” ಬೋರ್ಡನ್ನು ಎದೆಯೆತ್ತರಕ್ಕೆ ಏರಿಸಿದ, ಆ ಕೋಣೆಗೇ ಬೇರೆಯಾಗಿ, ಕರೆಂಟು ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿದ. ಪ್ರತಿ ವೈರನ್ನೂ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೆ ಹೋಗುವಂತೆ ಮಾಡಿದ. ವೈರಿನ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಎರಡು ತಿಂಗಳ ನಂತರ ಪೈಪಿನ ಜಾಯಿಂಟು ಬಿಚ್ಚಿಕೊಂಡು ಕೋಣೆಯಿಡೀ ಒದ್ದೆಯಾದಾಗ, ಆ ಬೋರ್ಡು ನೆಲದ ಮೇಲೇ ಇದ್ದಿದ್ದರೆ ಅನ್ನಿಸಿ ಕೈ ತಣ್ಣಗಾಯಿತು.

ಏಪ್ರಿಲ್‌ನಲ್ಲಿ ಎಲ್ಲ ಒಟ್ಟಿಗೆ ಕೆಟ್ಟಿತು. 240 ವ್ಯಾಟ್ ದೀಪ ಅಂದರೆ ಮುಚ್ಚಿದ ಕೋಣೆಯಲ್ಲಿ ಎರಡು–ಮೂರು ಜನ ಕೂತಿದ್ದರೆ ಏಳುವಷ್ಟು ಕಾವು. ಟ್ಯಾಂಕಿನ ನೀರು 29 ಡಿಗ್ರಿ ಮುಟ್ಟಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ ಏಳೂವರೆ ಹಿಡಿಯುತ್ತದೆ. ಬೆಳಿಗ್ಗೆ ಗಿಡವೊಂದನ್ನು ಕುಂಡದ ಸಮೇತ ಎತ್ತಿದೆ. ಹಾಲುಬಿಳುಪಿನ ಬೇರು ಕಂದಾಗಿ, ಹಳಸಿದ ಶ್ಯಾವಿಗೆಯಂತೆ ಅಂಟಂಟಾಗಿತ್ತು. ಎರಡು ಬೆರಳಲ್ಲಿ ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ನೂಲೆಳೆ ಮಾತ್ರ ನೇತಾಡಿತು. ನಿಂತ ಗಟಾರದ ವಾಸನೆ. ಪಿಥಿಯಂನಿಂದ ಬರುವ ಕೊಳೆರೋಗ. ಒಂದೇ ಟ್ಯಾಂಕಿನ ನೀರು ಎಲ್ಲ ಪೈಪಿಗೂ ಸುತ್ತುತ್ತಿದ್ದರಿಂದ ಐವತ್ತು ಗಿಡಕ್ಕೂ ಅದೇ ಗತಿ.

ಅದೇ ದಿನ ಮಗನ ಬೀರು ತೆಗೆದರೆ ಅವನ ಕೋಟಿನ ಮೇಲೆ ಬೂದುಬಣ್ಣದ ಬೂಷ್ಟು, ಗೋಡೆಯ ಪೇಂಟು ಗುಳ್ಳೆಯೆದ್ದಿತ್ತು. ಆಗ ತಲೆಗೆ ಹೋಯಿತು. ನಾನು ದಿನಾ ಮೂರು ಲೀಟರು ನೀರು ಟ್ಯಾಂಕಿಗೆ ಸುರಿಯುತ್ತಿದ್ದೆ, ಕಡಿಮೆಯಾಗುತ್ತಿತ್ತು, ಗಿಡ ಚೆನ್ನಾಗಿ ಕುಡಿಯುತ್ತಿದೆ ಎಂದು ಖುಷಿಪಡುತ್ತಿದ್ದೆ. ಗಿಡ ಕುಡಿದದ್ದರಲ್ಲಿ ಬಹುಪಾಲನ್ನು ಇಟ್ಟುಕೊಳ್ಳುವುದಿಲ್ಲ, ಎಲೆಯಿಂದ ಗಾಳಿಗೆ ಬಿಡುತ್ತದೆ. ಕಿಟಕಿ ಮುಚ್ಚಿದ ಕೋಣೆಯ ಗಾಳಿಗೆ ತಿಂಗಳಿಗೆ ತೊಂಬತ್ತು ಲೀಟರು! ಲೆಟ್ಯೂಸಿನ ಒಳಚಿಗುರು ಕಪ್ಪಗೆ ಸುಡುತ್ತಿದ್ದುದಕ್ಕೂ ಇದೇ ಮೂಲ. ಕ್ಯಾಲ್ಸಿಯಂ ಕೊರತೆ ಎಂದು ಕ್ಯಾಲ್ಸಿಯಂ ಹೆಚ್ಚಿಸುತ್ತಲೇ ಇದ್ದೆ. ಎಲೆ ಬೆವರಿದರೆ ತಾನೆ ಆ ಸೆಳೆತಕ್ಕೆ ಕ್ಯಾಲ್ಸಿಯಂ ಮೇಲೇರುವುದು? ತೇವ ತುಂಬಿ ನಿಂತ ಗಾಳಿಯಲ್ಲಿ ಒಳಚಿಗುರು ಬೆವರುವುದೇ ಇಲ್ಲ. ಒಂದು ಸಣ್ಣ ಟೇಬಲ್ ಫ್ಯಾನು, ಕಿಟಕಿಗೆ ಒಂದು ಎಕ್ಸಾಸ್ಟು ಹಾಕಿದ ಮೇಲೆ, ಗೊಬ್ಬರ ಮುಟ್ಟದೆಯೇ ಅದು ನಿಂತಿತು. ಪೈಪಿಗಿಂತ ಮೊದಲು ಎಕ್ಸಾಸ್ಟು ಹಾಕಿಸಬೇಕಿತ್ತು. ದೀಪದ ಹೊತ್ತನ್ನು ರಾತ್ರಿ ಹತ್ತರಿಂದ ಬೆಳಿಗ್ಗೆ ಹತ್ತಕ್ಕೆ ಬದಲಾಯಿಸಿದೆ. ತಂಪು ಹೊತ್ತಿನಲ್ಲಿ ದೀಪದ ಕಾವು, ಬಿಸಿಲು ಹೊತ್ತಿನಲ್ಲಿ ಕತ್ತಲು.

ಇಷ್ಟಾದ ಮೇಲೆ ಟ್ರಾನ್ಸ್‌ಫಾರ್ಮರ್ ಸುಟ್ಟು ನಾಲ್ಕು ತಾಸು ಕರೆಂಟು ಹೋಯಿತು. ಪೈಪಿನ ತೆಳು ನೀರು ಹರಿದು ಖಾಲಿಯಾಗಿ, ಹೊಸದಾಗಿ ನೆಟ್ಟ ಗಿಡಗಳೆಲ್ಲ ಒದ್ದೆ ಬಟ್ಟೆಯಂತೆ ಮಲಗಿದವು. 1946ರಲ್ಲೇ ಕಾಲಿಂಪಾಂಗಿನಲ್ಲಿ ಶೋಲ್ಟೊ ಡಗ್ಲಾಸ್ ಎಂಬವರು ಜಲ್ಲಿ, ಮರಳಿನ ತೊಟ್ಟಿಯಲ್ಲಿ ಪಂಪೂ ಇಲ್ಲದೆ, ಮಣ್ಣೂ ಇಲ್ಲದೆ ಬೆಳೆಯುವ ಪ್ರಯೋಗ ಶುರುಮಾಡಿದ್ದರು. ನಾನು ಕೃಷಿ ಮೇಳದ ಬಿಳೀ ಪೈಪಿಗೆ ಮರುಳಾಗಿದ್ದೆ. ಪೈಪುಗಳನ್ನು ಗುಜರಿಯವನಿಗೆ ಕೊಟ್ಟು, ಮುಚ್ಚಳದ ಪ್ಲಾಸ್ಟಿಕ್ ಡಬ್ಬಗಳಿಗೆ ಬಂದೆ. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಹೇಳಿಕೊಟ್ಟ ಕ್ರಮ ಅದು. ನೀರು ತುಂಬಿಸಿ ಬಿಟ್ಟರಾಯಿತು. ಮಟ್ಟ ಇಳಿದಂತೆ ಮೇಲಿನ ಬೇರುಗಳು ಗಾಳಿಯಲ್ಲಿ ಉಸಿರಾಡಲು ಕಲಿಯುತ್ತವೆ. ಮೊದಲ ಸಲ ನೀರು ಇಳಿದದ್ದು ಕಂಡು ಕರುಣೆಯಿಂದ ಮತ್ತೆ ಕಂಠಮಟ್ಟ ತುಂಬಿಸಿದೆ. ಉಸಿರಾಡುತ್ತಿದ್ದ ಬೇರು ಮುಳುಗಿ ಸತ್ತವು.

ಈ ನಡುವೆ ಒಂದು ಸಣ್ಣ ಸಂಗತಿ ಗಮನಕ್ಕೆ ಬಂದಿತ್ತು. ನಮ್ಮನೆಯಲ್ಲಿ ಲೆಟ್ಯೂಸು ತಿನ್ನುವವರೇ ಇಲ್ಲ. ಸಾರಿಗೆ ಬರುವುದಿಲ್ಲ, ಪಲ್ಯ ಮಾಡಿದರೆ ನೀರು. ತೀರ್ಥಹಳ್ಳಿಯ ತವರಿಗೆ ಹೋದಾಗ ಗದ್ದೆಯ ಬದುವಿನಲ್ಲಿ, ಅಡಿಕೆ ತೋಟದ ಕಪ್ಪಿನ (ಬಸಿಗಾಲುವೆಯ) ಪಕ್ಕ ಒಂದೆಲಗ ಹಬ್ಬಿತ್ತು. ಕಾಲು ನೀರಲ್ಲಿ, ತಲೆ ನೆರಳಲ್ಲಿ. ಇದಕ್ಕೆ ಬೇಕಾದ್ದೆಲ್ಲ ನನ್ನ ಕೋಣೆಯಲ್ಲಿ ಇದೆಯಲ್ಲ! ನಾಲ್ಕು ಬಳ್ಳಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಜಲ್ಲಿಯ ಟ್ರೇನಲ್ಲಿ ಇಟ್ಟೆ. ಟ್ಯೂಬುಗಳನ್ನು ಎಂಟಕ್ಕೆ ಇಳಿಸಿದೆ. ಈಗ ತಿಂಗಳಿಗೆ 58 ಯೂನಿಟ್ಟು, 200ರೊಳಗೆ ಇದ್ದೇವೆ, ಫ್ರಿಜ್ಜಿನ ಬಾಗಿಲು ಖಾಲಿ.

ದಸರೆಗೆ ಮಗ ಬಂದ. ಎರಡು ರ‍್ಯಾಕಿನ ನಡುವೆ ಅವನಿಗೆ ಹಾಸಿಗೆ ಹಾಸಿಕೊಟ್ಟೆ. ಬಸ್ಸಿನಲ್ಲಿ ಕೂತು ಬಂದ ಸುಸ್ತು, ಒಂಬತ್ತೂವರೆಗೇ ಮಲಗಿದ. ಹತ್ತಕ್ಕೆ ಸರಿಯಾಗಿ ಟೈಮರು ಟಿಕ್ ಅಂದಿತು. ಎಂಟೂ ಟ್ಯೂಬು ಒಟ್ಟಿಗೆ ಹತ್ತಿಕೊಂಡವು. “ಅಮ್ಮಾ!” ಎಂದು ಕೂಗಿಕೊಂಡ. ದಿಂಬು, ಹೊದಿಕೆ ಎಳೆದುಕೊಂಡು ಹಾಲಿಗೆ ಹೋಗಿ ಸೋಫಾದ ಮೇಲೆ ಬಿದ್ದುಕೊಂಡ. ಬೆಳಿಗ್ಗೆ ಮುಖ ಗಂಟು ಹಾಕಿಕೊಂಡೇ ಇದ್ದ. ಮಧ್ಯಾಹ್ನ ಒಂದೆಲಗದ ತಂಬುಳಿಗೆ ಎರಡನೇ ಸಲ ಅನ್ನ ಹಾಕಿಸಿಕೊಂಡ.