ಕಾಲರಾ ಲಸಿಕೆಗೆ ಬಾಯಿ ತೆರೆಯಿರಿ, ಬಾವಿಯನ್ನು ಮರೆಯಬೇಡಿ

ಮಂಗಳೂರು ನಗರದಲ್ಲಿ ಮನೆ ಮಾಡಿಕೊಂಡವರು, ಕೋಣೆ ಬಾಡಿಗೆಗೆ ಕೊಟ್ಟವರು, ಬೋಟ್ ಮಾಲಕರು, ಹಾಸ್ಟೆಲ್ ವಾರ್ಡನ್‌ಗಳು, ಹೋಟೆಲ್ ನಡೆಸುವವರು ಇದನ್ನು ಓದಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು.

ಕಾಲರಾ ಅಜ್ಜನ ಕಾಲಕ್ಕೆ ಮುಗಿದ ರೋಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲಿನಿಂದ 47 ವಿದ್ಯಾರ್ಥಿನಿಯರು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದಾಗ ಕಾಡಿದ್ದು ಇದೇ ಭಯ. ಡಾಕ್ಟರಾಗಲು ಓದುತ್ತಿದ್ದವರ ಹಾಸ್ಟೆಲ್ ಅದು. ಅದಕ್ಕೂ ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಪ್ರಾಣ ಬಿಟ್ಟರು. ನಮ್ಮ ಊರಲ್ಲಿ ಮಳೆ ನಾಲ್ಕು ತಿಂಗಳು. ನೆಲ ಮುರಕಲ್ಲಿನದ್ದು, ತೂತು ತೂತಾದದ್ದು. ಡ್ರೈನೇಜ್ ಪೈಪು ಒಡೆದರೆ ಆ ನೀರು ಹತ್ತಿರದ ಬಾವಿಗೆ ಇಳಿಯಲು ಹೆಚ್ಚು ಹೊತ್ತು ಬೇಡ.

ಕಾಲರಾ ಲಸಿಕೆ ನಮ್ಮ ಮಕ್ಕಳ ನಿತ್ಯದ ಲಸಿಕೆ ಪಟ್ಟಿಯಲ್ಲಿಲ್ಲ. ರೋಗ ಕಂಡ ವಾರ್ಡುಗಳಿಗೆ ಅದನ್ನು ಅಭಿಯಾನವಾಗಿಯೇ ತರಬೇಕು. ಹಾಗೆ ತಂದರೆ ನಮ್ಮ ಕೈಯಲ್ಲಿರುವುದು ಕೆಲವೇ ದಿನ. ಕೇಳಬೇಕಾದ್ದನ್ನು ಆಗ ಕೇಳಿಕೊಂಡು ಕೂರಲು ಪುರುಸೊತ್ತು ಇರುವುದಿಲ್ಲ. ಈಗಲೇ ತಿಳಿದುಕೊಳ್ಳಿ.

ಲಸಿಕೆ ಬಂದ ದಿನ

ಇದು ಸೂಜಿಯಲ್ಲ. ಬಾಯಿಗೆ ಹಿಂಡುವ ಒಂದೂವರೆ ಮಿಲಿಲೀಟರ್ ದ್ರವ, ಅಷ್ಟೇ. ಹಿಂದಿನ ಕಾಲರಾ ಇಂಜೆಕ್ಷನ್‌ನಿಂದ ತೋಳು ಊದಿ ಜ್ವರ ಬಂದದ್ದು ಹಿರಿಯರಿಗೆ ನೆನಪಿರಬಹುದು. ಆ ಸೂಜಿಯ ರಕ್ಷಣೆ ಅಲ್ಪವೆಂದು ತಿಳಿದ ಮೇಲೆ, 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದಿಂದ ದೇಶಕ್ಕೆ ಹೋಗುವವರಿಗೆ ಕಾಲರಾ ಸರ್ಟಿಫಿಕೇಟ್ ಬೇಕೆಂಬ ನಿಯಮವನ್ನೇ ಕೈಬಿಟ್ಟಿತು. ಈಗಿನದ್ದು ಬೇರೆಯೇ ಲಸಿಕೆ. ಹಳೆಯ ನೆನಪಿನಿಂದ ಮನೆಮಂದಿಯನ್ನು ತಡೆಯಬೇಡಿ.

ಒಂದು ವರ್ಷ ತುಂಬಿದ ಮಗುವಿನಿಂದ ಹಿಡಿದು ಮನೆಯ ಎಲ್ಲರೂ ಕುಡಿಯಬೇಕು. ಗರ್ಭಿಣಿಯರನ್ನೂ ಎದೆಹಾಲು ಕೊಡುವ ತಾಯಂದಿರನ್ನೂ ಬಿಡಬೇಡಿ. ಅಭಿಯಾನದಲ್ಲಿ ಅವರಿಗೂ ಕೊಡಬೇಕೆಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಖಾಲಿ ಹೊಟ್ಟೆ ಬೇಕಿಲ್ಲ, ಪಥ್ಯವೂ ಇಲ್ಲ. ಜೋರು ಜ್ವರ ಇರುವವರು, ಹಿಂದೆ ಯಾವುದೇ ಲಸಿಕೆಯಿಂದ ತೀವ್ರ ಅಲರ್ಜಿಯಾದವರು ಮೊದಲೇ ಸಿಬ್ಬಂದಿಗೆ ಹೇಳಿ. ಆಗಲೇ ಭೇದಿ ಶುರುವಾದವರನ್ನು ಲಸಿಕೆಯ ಸಾಲಿನಲ್ಲಿ ನಿಲ್ಲಿಸಬೇಡಿ. ಲಸಿಕೆ ಔಷಧವಲ್ಲ, ಅವರು ಹೋಗಬೇಕಾದ್ದು ಆಸ್ಪತ್ರೆಗೆ.

ಆಧಾರ್ ಎಲ್ಲಿ, ರೇಷನ್ ಕಾರ್ಡ್ ಎಲ್ಲಿ ಎಂದು ಕೇಳಿ ಯಾರನ್ನೂ ವಾಪಸು ಕಳಿಸಬಾರದು. ಇದನ್ನು ಸ್ವಯಂಸೇವಕರಿಗೆ ಒತ್ತಿ ಹೇಳುತ್ತೇನೆ. ಕಟ್ಟಡ ಕೆಲಸಕ್ಕೆ ಬಂದು ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಮಲಗುವವರ ಹೆಸರು ವಾರ್ಡಿನ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕಕ್ಕಸು ಒಂದು, ನೀರಿನ ಡ್ರಮ್ಮು ಒಂದು. ರೋಗ ಮೊದಲು ಹೊಗುವುದೇ ಅಲ್ಲಿಗೆ. ಕೋಣೆ ಬಾಡಿಗೆಗೆ ಕೊಟ್ಟವರೇ ಆಶಾ ಕಾರ್ಯಕರ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು. ಬಾಡಿಗೆ ತೆಗೆದುಕೊಳ್ಳುವಾಗ ಗೊತ್ತಿರುವ ತಲೆಗಳ ಲೆಕ್ಕ ಲಸಿಕೆಯ ದಿನವೂ ಗೊತ್ತಿರಲಿ.

ಎರಡನೇ ಡೋಸ್

ಎರಡು ಡೋಸ್‌ಗಳ ನಡುವೆ ಕನಿಷ್ಠ 14 ದಿನ. ನಮ್ಮ ಊರಲ್ಲಿ ಕೆಲಸ ಕೆಡುವ ಅಪಾಯ ಇರುವುದು ಈ ಅಂತರದಲ್ಲೇ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟ್ ಬಂತೆಂದರೆ ಒಡಿಶಾ, ಆಂಧ್ರ, ಜಾರ್ಖಂಡ್ ಕಡೆಯ ಕೆಲಸಗಾರರು ದಕ್ಕೆಯಲ್ಲಿ ತುಂಬುತ್ತಾರೆ. ಆಳಸಮುದ್ರಕ್ಕೆ ಹೋದ ಟ್ರಾಲ್ ಬೋಟು ವಾರ, ಹತ್ತು ದಿನ ದಡಕ್ಕೆ ಬರುವುದಿಲ್ಲ. ಮಳೆ ಇನ್ನೂ ಬಿಟ್ಟಿರುವುದಿಲ್ಲ, ರೋಗದ ಕಾಲವೂ ಅದೇ. ಹಗಲು ಹತ್ತರಿಂದ ಸಂಜೆ ನಾಲ್ಕರ ತನಕ ಶಾಲೆಯಲ್ಲಿ ಶಿಬಿರ ಇಟ್ಟರೆ ಇವರಲ್ಲಿ ಒಬ್ಬರೂ ಸಿಗರು. ಬೋಟು ಮೀನು ಇಳಿಸುವುದು ಬೆಳಗಿನ ಜಾವ. ದಕ್ಕೆಯಲ್ಲಿ ಲಸಿಕೆಯ ಪೆಟ್ಟಿಗೆಯೂ ಆ ಹೊತ್ತಿಗೇ ಬಂದು ನಿಲ್ಲಬೇಕು. ಬೋಟ್ ಮಾಲಕರೇ, ಮೊದಲ ಡೋಸ್ ಕುಡಿದವರ ಕಾರ್ಡುಗಳನ್ನು ತಂಡೇಲರ ಕೈಯಲ್ಲಿ ಒಟ್ಟಿಗೆ ಇರಿಸಿ, ದಿನಾಂಕ ನೋಡಿಯೇ ಮುಂದಿನ ಟ್ರಿಪ್ ಗೊತ್ತು ಮಾಡಿ. ಹದಿನಾಲ್ಕು ದಿನ ಕಳೆದು ತಡವಾದರೂ ಎರಡನೆಯದನ್ನು ಬಿಡಬೇಡಿ. ಕಸಬಾ ಬೆಂಗರೆ, ತೋಟ ಬೆಂಗರೆಯವರು ಫೆರಿ ದಾಟಿ ಬಂದು ಕುಡಿದು ಹೋಗಲಿ ಎಂದು ಕಾಯುವುದೂ ಬೇಡ. ನದಿ ದಾಟಬೇಕಾದ್ದು ಲಸಿಕೆ.

ಒಂದೇ ಡೋಸ್ ಕೊಟ್ಟು, ಇನ್ನೊಂದು ಸದ್ಯಕ್ಕಿಲ್ಲ ಎಂದರೆ ಜಗಳ ಆಡಬೇಡಿ. ಜಗತ್ತಿನಲ್ಲೇ ಈ ಲಸಿಕೆಗೆ ಕೊರತೆ ಇತ್ತು. 2022ರ ಅಕ್ಟೋಬರ್‌ನಲ್ಲಿ ಜಾಗತಿಕ ದಾಸ್ತಾನು ನೋಡಿಕೊಳ್ಳುವವರು, ರೋಗ ಹಬ್ಬಿದ ಕಡೆ ಒಬ್ಬರಿಗೆ ಒಂದೇ ಡೋಸ್ ಎಂದು ತೀರ್ಮಾನಿಸಬೇಕಾಯಿತು. ಹೈದರಾಬಾದಿನಲ್ಲಿ ತಯಾರಾಗುತ್ತಿದ್ದ ಶಾನ್‌ಕಾಲ್ ಲಸಿಕೆ ನಿಂತಿತು. ಭಾರತ್ ಬಯೋಟೆಕ್‌ನ ಹಿಲ್‌ಕಾಲ್ 2024ರಲ್ಲಿ ಬಂತು. ಒಂದು ಡೋಸ್ ಕೂಡ ಕೆಲವು ತಿಂಗಳ ಮಟ್ಟಿಗೆ ಕಾಯುತ್ತದೆ, ಹಬ್ಬುವ ರೋಗಕ್ಕೆ ಅಡ್ಡ ನಿಲ್ಲಲು ಅದು ಸಾಕು. ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಅದರ ರಕ್ಷಣೆ ಕಡಿಮೆ, ಅವರ ನೀರಿನ ಬಗ್ಗೆ ಇನ್ನಷ್ಟು ಎಚ್ಚರ ಬೇಕು.

ಮಾಡಲೇಬಾರದ್ದು

ಲಸಿಕೆ ಕುಡಿದ ದಿನವೇ ಧೈರ್ಯ ಮಾಡಬೇಡಿ. ದೇಹ ಸಿದ್ಧವಾಗಲು ವಾರ, ಹತ್ತು ದಿನ ಬೇಕು. ಆಮೇಲೂ ರಕ್ಷಣೆ ನೂರಕ್ಕೆ ನೂರು ಅಲ್ಲ. ಕೋಲ್ಕತ್ತದ ಕೊಳೆಗೇರಿಗಳಲ್ಲಿ 2006ರಲ್ಲಿ ಆರಂಭಿಸಿದ ದೊಡ್ಡ ಪ್ರಯೋಗದಲ್ಲಿ, ಎರಡು ಡೋಸ್ ಕುಡಿದವರಿಗೆ ಐದು ವರ್ಷಗಳಲ್ಲಿ ಸಿಕ್ಕಿದ ರಕ್ಷಣೆ ನೂರಕ್ಕೆ 65ರಷ್ಟು. ಉಳಿದ 35ನ್ನು ಒಲೆಯ ಮೇಲಿನ ಪಾತ್ರೆಯೇ ನೋಡಿಕೊಳ್ಳಬೇಕು. ಕುಡಿಯುವ ನೀರು ಕೊತಕೊತ ಕುದಿಯಲಿ. ಬಿಸಿನೀರಿಗೆ ತಣ್ಣೀರು ಬೆರೆಸಿ ಕೊಡುವುದು ಹೋಟೆಲುಗಳಲ್ಲಿ ರೂಢಿಯಾಗಿದೆ. ಕುದಿಸಿದ್ದೆಲ್ಲ ಅದರಿಂದ ವ್ಯರ್ಥ. ಅದನ್ನು ನಿಲ್ಲಿಸಿ.

ಮೀನಿಗೆ ಹಾಕುವ ಐಸನ್ನು ಜ್ಯೂಸಿಗೆ, ಕಬ್ಬಿನ ಹಾಲಿಗೆ ಹಾಕಬೇಡಿ. ಮರುವಾಯಿ ಅರೆಬೆಂದದ್ದನ್ನು ತಿನ್ನಬೇಡಿ. ಕಾಲರಾದ ರೋಗಾಣು ಉಪ್ಪುನೀರೂ ಸಿಹಿನೀರೂ ಕೂಡುವ ಕಡೆ ತಾನಾಗಿ ಬದುಕಬಲ್ಲದು. ನೇತ್ರಾವತಿ, ಫಲ್ಗುಣಿ ಸಮುದ್ರ ಸೇರುವ ಅಳಿವೆಯೂ ಅಂಥದ್ದೇ ಜಾಗ. ಈ ಜಾತಿಯ ರೋಗಾಣುಗಳ ಬಗ್ಗೆ ನಮ್ಮ ಮೀನುಗಾರಿಕಾ ಕಾಲೇಜಿನವರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಹೆದರಿ ಮೀನು ಬಿಡಬೇಕಿಲ್ಲ, ಚೆನ್ನಾಗಿ ಬೇಯಿಸಿದರೆ ಸಾಕು.

ಆಟಿ ಅಮಾವಾಸ್ಯೆಯ ಪಾಲೆ ತೊಗಟೆಯ ಕಷಾಯ ಕುಡಿಯುವವರು ಕುಡಿಯಲಿ. ಆಟಿ ಕಳೆಂಜ ಊರಿನ ಮಾರಿ ಕಳೆಯಲು ಬರುತ್ತಾನೆಂದು ನಂಬಿದ ಜನ ನಾವು, ಮಳೆಗಾಲದ ರೋಗವನ್ನು ಹಿಂದಿನವರು ಹಗುರವಾಗಿ ಎಣಿಸಲಿಲ್ಲ. ಆದರೆ ಕಷಾಯ ಕುಡಿದಿದ್ದೇನೆ, ಲಸಿಕೆ ಬೇಡ ಎಂದು ಹೇಳಬೇಡಿ. ಮರದ ಗುರುತು ತಿಳಿಯದವರು ಕೆತ್ತಿ ತಂದ ತೊಗಟೆಯನ್ನಂತೂ ಮುಟ್ಟಲೇಬೇಡಿ.

2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪಿನಲ್ಲಿ ಏನೆಲ್ಲ ಹರಿದಾಡಿತೆಂದು ಮಕ್ಕಳಿದ್ದವರಿಗೆ ಗೊತ್ತು. ಅಂಥದ್ದು ಬಂದರೆ ಮುಂದಕ್ಕೆ ಕಳಿಸಬೇಡಿ. ಸಂಶಯ ಇದ್ದರೆ ನಗರ ಆರೋಗ್ಯ ಕೇಂದ್ರದ ವೈದ್ಯರನ್ನು ಎದುರಿಗೇ ಕೇಳಿ. ಕೇಳಿದವರನ್ನು ಗದರಿಸಬಾರದು, ಇದು ಸಿಬ್ಬಂದಿಗೆ ಹೇಳುವ ಮಾತು. ಮಸೀದಿಯ ಮೈಕಿನಲ್ಲಿ, ಇಗರ್ಜಿಯ ಪೂಜೆಯ ಕೊನೆಗೆ, ದೇವಸ್ಥಾನದ ಅಂಗಳದಲ್ಲಿ ಶಿಬಿರದ ಜಾಗ ಮತ್ತು ಹೊತ್ತನ್ನು ಹೇಳಿಸಿ.

ಬಾವಿಗೆ ಔಷಧ

ಬ್ಲೀಚಿಂಗ್ ಪುಡಿಯನ್ನು ಹಿಡಿಯಲ್ಲಿ ತೆಗೆದು ಬಾವಿಗೆ ಎರಚಬೇಡಿ. ಲೆಕ್ಕ ಹೀಗೆ: ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿ. ಅಳತೆ ಮೀಟರಿನಲ್ಲಿದ್ದರೆ ಉತ್ತರ ಲೀಟರಿನಲ್ಲಿ ಸಿಗುತ್ತದೆ. ಎರಡೂವರೆ ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 19,600 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಅದಕ್ಕೆ 50 ಗ್ರಾಂ ಒಳ್ಳೆಯ ಪುಡಿ ಬೇಕು. ಬಕೆಟಿನಲ್ಲಿ ನೀರು ಹಾಕಿ ಕಲಸಿ, ಹತ್ತು ನಿಮಿಷ ಬಿಡಿ. ತಳದ ಸುಣ್ಣ ಅಲ್ಲೇ ಉಳಿಯಲಿ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಸಿದು, ಬಾವಿಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಿ. ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಕೊನೆಯ ಕೊಡ ಎತ್ತಿದ ಮೇಲೆ ಹಾಕುವುದು ಉತ್ತಮ. ಕಾಲರಾ ಇರುವಷ್ಟು ದಿನ ದಿನಾಲೂ ಹಾಕಬೇಕು. ತುಂಬೆಯಿಂದ ಬರುವ ನಲ್ಲಿ ನೀರಿದೆ, ಬಾವಿ ಯಾಕೆ ಎನ್ನುವವರು ತಮ್ಮ ಸಂಪು ಕೊನೆಯದಾಗಿ ಯಾವಾಗ ತೊಳೆದದ್ದೆಂದು ನೋಡಿಕೊಳ್ಳಲಿ.

ಭೇದಿ ಶುರುವಾದರೆ

ಅಕ್ಕಚ್ಚಿನಂತೆ ಬೆಳ್ಳಗೆ, ನೀರಾಗಿ, ಲೆಕ್ಕವಿಲ್ಲದಷ್ಟು ಸಲ ಹೋದರೆ ಅದು ಕಾಲರಾ ಇರಬಹುದು. ಗಂಟೆಗಳಲ್ಲಿ ಜೀವ ಹೋಗಬಹುದು. ಹೊತ್ತಿಗೆ ಸರಿಯಾಗಿ ನೀರಿನಂಶ ತುಂಬಿದರೆ ನೂರಕ್ಕೆ 99 ಮಂದಿ ಉಳಿಯುತ್ತಾರೆ. ಒಂದು ಪ್ಯಾಕೆಟ್ ಓಆರ್‌ಎಸ್ ಅನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಿ. ಅರ್ಧ ಲೋಟಕ್ಕೆ ಸ್ವಲ್ಪ ಎಂದು ಬೆರೆಸಬೇಡಿ. ಪ್ಯಾಕೆಟ್ ಇಲ್ಲದಿದ್ದರೆ ಲೀಟರಿಗೆ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗಂಜಿ ತಿಳಿ, ಬೊಂಡ ನೀರು ಜತೆಗಿರಲಿ. ಮಗುವಿಗೆ ಎದೆಹಾಲು ನಿಲ್ಲಿಸಬೇಡಿ. ಭೇದಿ ಕಟ್ಟುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ಕೊಡಬೇಡಿ. ರೋಗಿಯ ಬಟ್ಟೆಯನ್ನು ಬಾವಿಕಟ್ಟೆಯಲ್ಲಿ ಒಗೆಯಬೇಡಿ.

ವಾಂತಿ ನಿಲ್ಲದೆ ಕುಡಿಸಿದ್ದು ಒಳಗೆ ಉಳಿಯದಿದ್ದರೆ, ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ವೆನ್ಲಾಕ್ ಆಸ್ಪತ್ರೆಗೆ ಕರೆದೊಯ್ಯಿರಿ, ದಾರಿಯುದ್ದಕ್ಕೂ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಜತೆಗೆ ಹೋಗದೆ ಮನೆಯಲ್ಲಿ ಉಳಿದವರು ಆಶಾ ಕಾರ್ಯಕರ್ತೆಗೂ ಪಾಲಿಕೆಯ ಆರೋಗ್ಯ ವಿಭಾಗಕ್ಕೂ ಅದೇ ಹೊತ್ತಿಗೆ ತಿಳಿಸಬೇಕು, ಆ ಮನೆಗೆ ನೀರು ಬಂದದ್ದು ಎಲ್ಲಿಂದ ಎಂಬುದನ್ನು ಸೇರಿಸಿ.