ತಾರಸಿಯ ಮಳೆಗೆ ಬೆಲೆ ಕಟ್ಟುವ ಬಗೆ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಳೆ ನೀರು ಕೊಯ್ಲಿನ ಲೆಕ್ಕವೆಲ್ಲ ಇಲ್ಲಿಂದಲೇ ಶುರು. ಬೆಂಗಳೂರಿನಲ್ಲಿ ‘ಥರ್ಟಿ ಫಾರ್ಟಿ’ ಎಂದೇ ಕರೆಯುವ 30×40 ಅಡಿ ನಿವೇಶನದ ಮನೆಯನ್ನು ತೆಗೆದುಕೊಂಡರೆ ಅದರ ತಾರಸಿ ಹೆಚ್ಚುಕಡಿಮೆ 1,000 ಚದರ ಅಡಿ, ಅಂದರೆ 93 ಚದರ ಮೀಟರ್ ಇರುತ್ತದೆ. (ಸುತ್ತ ಬಿಡಬೇಕಾದ ಜಾಗ ನಕ್ಷೆಯಲ್ಲಿ ಇದ್ದಷ್ಟು ನೆಲದ ಮೇಲೆ ಇರುವುದು ಅಪರೂಪ.) ನಗರದ ವಾರ್ಷಿಕ ಸರಾಸರಿ ಮಳೆ 970 ಮಿ.ಮೀ. ಆಸುಪಾಸು. ಎರಡನ್ನೂ ಗುಣಿಸಿದರೆ 90,000 ಲೀಟರ್. ಕಾದ ಸಿಮೆಂಟು ಹೀರಿಕೊಳ್ಳುವುದು, ಆವಿಯಾಗುವುದು, ಮೊದಲ ಮಳೆಯಲ್ಲಿ ಹೊರಗೆ ಬಿಡುವುದು, ಫಿಲ್ಟರಿನಲ್ಲಿ ಸೋರಿಹೋಗುವುದು ಎಲ್ಲ ಸೇರಿ ಐದರಲ್ಲಿ ಒಂದು ಪಾಲು ಕಳೆದರೂ 72,000 ಲೀಟರ್ ಕೈಗೆ ಸಿಗಬೇಕು. ನಾಲ್ಕು ಜನರ ಮನೆಗೆ, ಸರ್ಕಾರದ ಮಾನದಂಡದಂತೆ ತಲಾ 135 ಲೀಟರ್ ಹಿಡಿದರೆ, ದಿನಕ್ಕೆ 540 ಲೀಟರ್ ಬೇಕು; ವರ್ಷಕ್ಕೆ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ತಾರಸಿಯ ಮಳೆ ಇದರ ಮೂರನೇ ಒಂದು ಭಾಗವನ್ನು ದಾಟುತ್ತದೆ.

ಫಿಲ್ಟರ್ ಮಾರುವವರ ಕರಪತ್ರ ಇಷ್ಟಕ್ಕೇ ಮುಗಿಯುತ್ತದೆ. ಹಣದ ಲೆಕ್ಕ ಮಾತ್ರ ಇಲ್ಲಿಂದ ಮುಂದಿನದು. ಮಳೆ ನೀರಿಗೆ ತನ್ನದೇ ಆದ ಬೆಲೆ ಇಲ್ಲ. ಅದು ಯಾವ ನೀರಿನ ಬದಲಿಗೆ ಬಳಕೆಯಾಗುತ್ತದೋ ಆ ನೀರಿನ ಬೆಲೆಯೇ ಅದರ ಬೆಲೆ.

ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುತ್ತದೆ. ಆದರೂ ಮನೆಯ ಬಿಲ್ಲಿನಲ್ಲಿ ಅದು ಅಗ್ಗ. 2014ರಲ್ಲಿ ನಿಗದಿಯಾದ ಗೃಹಬಳಕೆಯ ದರ ಮೊದಲ 8,000 ಲೀಟರ್‌ವರೆಗೆ ಸಾವಿರ ಲೀಟರಿಗೆ 7 ರೂಪಾಯಿ, ಅಲ್ಲಿಂದ 25,000 ಲೀಟರ್‌ವರೆಗೆ 11 ರೂಪಾಯಿ. 2025ರ ಏಪ್ರಿಲ್‌ನಲ್ಲಿ ದರ ಏರಿದ ಮೇಲೂ ಸಾಧಾರಣ ಕುಟುಂಬಕ್ಕೆ ನೀರಿನ ದರ ಲೀಟರಿಗೆ ಎರಡು ಪೈಸೆ ಮುಟ್ಟುವುದಿಲ್ಲ. ಬೋರ್‌ವೆಲ್ ನೀರಿನ ಖರ್ಚು ಕರೆಂಟಿನದು: 800 ಅಡಿ ಆಳದಿಂದ ಸಾವಿರ ಲೀಟರ್ ಮೇಲೆತ್ತಲು ಒಂದೂವರೆ ಎರಡು ಯೂನಿಟ್ ಬೇಕು, ಅಂದರೆ ಲೀಟರಿಗೆ ಒಂದು ಪೈಸೆಯ ಸುತ್ತ. ಟ್ಯಾಂಕರ್ ನೀರು ಬೇರೆಯದೇ ಲೋಕ. 2024ರ ಮಾರ್ಚ್‌ನಲ್ಲಿ ನಗರದ ಬೋರ್‌ವೆಲ್‌ಗಳು ಸಾವಿರಗಟ್ಟಲೆ ಬತ್ತಿದಾಗ ಆಡಳಿತ ಟ್ಯಾಂಕರ್‌ಗೆ ದರ ಗೊತ್ತುಮಾಡಿತು. ಐದು ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ, ಮೇಲೆ ಜಿಎಸ್‌ಟಿ. ಹೀಗೆ ಕಾಗದದ ಮೇಲೆ ಲೀಟರಿಗೆ ಹತ್ತು ಪೈಸೆ. ಈ ಅಂಕಣಕಾರರ ಬಡಾವಣೆಯಲ್ಲಿ ಆ ಬೇಸಿಗೆಯಲ್ಲಿ 6,000 ಲೀಟರಿನ ಟ್ಯಾಂಕರ್ 1,500 ರೂಪಾಯಿ ದಾಟಿತ್ತು. ಅದೂ ಎರಡು ದಿನ ಮುಂಚೆ ಫೋನ್ ಮಾಡಿ ಕಾದವರಿಗೆ.

ಆದ್ದರಿಂದ ಅದೇ 72,000 ಲೀಟರ್ ಮಳೆ ಒಂದು ಮನೆಗೆ ವರ್ಷಕ್ಕೆ ಸಾವಿರ ರೂಪಾಯಿಯ ಸರಕು, ಇನ್ನೊಂದು ಮನೆಗೆ ಏಳರಿಂದ ಹದಿನೈದು ಸಾವಿರದ ಸರಕು. ವರ್ಷವಿಡೀ ಟ್ಯಾಂಕರ್ ನಂಬಿಕೊಂಡ ಮನೆಗಳು, ಅಪಾರ್ಟ್‌ಮೆಂಟುಗಳು ಕಣ್ಣುಮುಚ್ಚಿ ಮಳೆ ನೀರು ಹಿಡಿಯಬಹುದು. ದಿನವೂ ಕಾವೇರಿ ಬರುವ ಮನೆಗೆ ಇದರಿಂದ ದುಡ್ಡು ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಇವೆರಡರ ನಡುವೆ ಇರುವ ಮನೆಗಳೇ ಹೆಚ್ಚು: ವಾರಕ್ಕೆ ಎರಡು ಸಲ ಕಾವೇರಿ, ಒಂದು ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಇವುಗಳ ತೊಂದರೆ ಎಂದರೆ ಮಳೆ ಬರುವ ತಿಂಗಳಲ್ಲಿ ಟ್ಯಾಂಕರ್ ಬೇಡ, ಟ್ಯಾಂಕರ್ ಬೇಕಾದ ತಿಂಗಳಲ್ಲಿ ಮಳೆ ಇಲ್ಲ. ಬೆಂಗಳೂರಿನ ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ದಟ್ಟ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲವೆನ್ನುವಷ್ಟು ಕಡಿಮೆ. ನಡುವೆ ಒಂದು ಅಪವಾದವಿದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಎರಡೂ ಸೇರಿ ಸರಾಸರಿ 150 ಮಿ.ಮೀ. ದಾಟುತ್ತದೆ. ಮೇಲೆ ಹೇಳಿದ ತಾರಸಿಯಲ್ಲಿ ಅದು 11,000 ಲೀಟರಿಗೂ ಹೆಚ್ಚು, ಸರಿಸುಮಾರು ಎರಡು ಟ್ಯಾಂಕರ್. ಟ್ಯಾಂಕರ್ ದರ ನೆತ್ತಿಗೇರಿದ ಹೊತ್ತಿನಲ್ಲೇ ಬೀಳುವ ಈ ಮಳೆ ಇಡೀ ವರ್ಷದ ಮಳೆಯಲ್ಲಿ ಅತಿ ಬೆಲೆಬಾಳುವಂಥದ್ದು. ಫಿಲ್ಟರ್, ಪೈಪು ಎಲ್ಲ ಯುಗಾದಿಯೊಳಗೆ ಸಿದ್ಧವಾಗಿರಬೇಕಾದದ್ದು ಇದಕ್ಕೇ. ಜನ ಪ್ಲಂಬರನ್ನು ಹುಡುಕುವುದು ಸಾಮಾನ್ಯವಾಗಿ ಜೂನ್‌ನಲ್ಲಿ.

ಸಂಗ್ರಹದ ಗಾತ್ರದಲ್ಲಿ ಹಣ ಪೋಲಾಗುವಷ್ಟು ಬೇರೆಲ್ಲೂ ಪೋಲಾಗುವುದಿಲ್ಲ. ಮಳೆಗಾಲದ ನೀರನ್ನು ಬೇಸಿಗೆಗೆ ಕೂಡಿಡಬೇಕೆಂಬ ಆಸೆ ಸಹಜ. ದಿನಕ್ಕೆ 540 ಲೀಟರಿನಂತೆ ನೂರು ದಿನಕ್ಕೆ 54,000 ಲೀಟರ್ ಹಿಡಿಯುವ ಸಂಪು ಬೇಕು. ಅಂಕಣಕಾರರು ವಿಚಾರಿಸಿದ ಮೇಸ್ತ್ರಿಗಳ ದರ ಲೀಟರಿಗೆ 20 ರೂಪಾಯಿ ಆಸುಪಾಸು. ಆ ಲೆಕ್ಕದಲ್ಲಿ ಖರ್ಚು ಹತ್ತು ಲಕ್ಷ ದಾಟುತ್ತದೆ. ಇಷ್ಟು ದೊಡ್ಡ ಸಂಪು ತುಂಬಿ ಖಾಲಿಯಾಗುವುದು ವರ್ಷಕ್ಕೆ ಒಂದೇ ಸಲ. ಅದರಿಂದ ಉಳಿಯುವುದು ಒಂಬತ್ತು ಟ್ಯಾಂಕರ್ ನೀರು. ಕಷ್ಟದ ಬೇಸಿಗೆಯ 1,500 ರೂಪಾಯಿ ದರದಲ್ಲೂ ಅದು 13,500 ರೂಪಾಯಿ. ಅದೇ ಹತ್ತು ಲಕ್ಷವನ್ನು ಬ್ಯಾಂಕಿನಲ್ಲಿ ಆರೂವರೆ ಪರ್ಸೆಂಟಿಗೆ ಠೇವಣಿ ಇಟ್ಟರೆ ವರ್ಷಕ್ಕೆ 65,000 ರೂಪಾಯಿ ಬಡ್ಡಿ. ಬಡ್ಡಿಯಲ್ಲೇ ಟ್ಯಾಂಕರ್ ತರಿಸಿಕೊಂಡು ಮಿಕ್ಕಿದ್ದರಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸಬಹುದು.

ಸಣ್ಣ ಸಂಪಿನ ಕಥೆ ಹೀಗಲ್ಲ. ಸೆಪ್ಟೆಂಬರ್‌ನಲ್ಲಿ ನಗರಕ್ಕೆ ಸುಮಾರು 200 ಮಿ.ಮೀ. ಮಳೆ, ತಾರಸಿಯಿಂದ ಸಿಗುವುದು 15,000 ಲೀಟರ್. ಮನೆಯ ಆ ತಿಂಗಳ ಬಳಕೆ 16,000 ಲೀಟರ್. ಒಂದು ಕಡೆ ನೀರು ಬರುತ್ತಿರುವಾಗಲೇ ಇನ್ನೊಂದು ಕಡೆ ಖರ್ಚಾಗುತ್ತಿರುತ್ತದೆ. ಇಪ್ಪತ್ತು ಮಿ.ಮೀ. ಮಳೆ ಸಂಪಿಗೆ ಸೇರಿಸುವುದು 1,500 ಲೀಟರ್, ಮನೆಯವರು ಅದನ್ನು ಮೂರು ದಿನದಲ್ಲಿ ಮುಗಿಸುತ್ತಾರೆ. ಹಾಗಾಗಿ ಎಲ್ಲರ ಮನೆಯಲ್ಲೂ ಇರುವ 5,000–6,000 ಲೀಟರಿನ ಸಂಪೇ ಬಿದ್ದ ಮಳೆಯ ಬಹುಪಾಲನ್ನು ಹಿಡಿಯಬಲ್ಲದು. ಸಂಪು ಬಾಯಿಮಟ್ಟ ತುಂಬಿರದೆ ಮಳೆಗೆ ಒಂದಿಷ್ಟು ಜಾಗ ಇರಬೇಕು, ಅಷ್ಟೇ. ಮಳೆಗಾಲದಲ್ಲಿ ಬೋರ್‌ವೆಲ್ ಮೋಟಾರಿನ ಆಟೊಮ್ಯಾಟಿಕ್ ಸ್ವಿಚ್ ತೆಗೆದಿಟ್ಟರೆ ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಹೊಸ ಮನೆ ಕಟ್ಟುವವರಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಪಾಯ ಹೇಗೂ ತೋಡುವಾಗ ಸಂಪನ್ನು ಎರಡರಷ್ಟು ಮಾಡಿಸುವ ಹೆಚ್ಚುವರಿ ಖರ್ಚು ಕಡಿಮೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ 1990ರ ದಶಕದಲ್ಲಿ ವಿಜಯನಗರದಲ್ಲಿ ಕಟ್ಟಿದ ಮನೆ ‘ಸೌರಭ’ ಜಲಮಂಡಳಿಯ ನಲ್ಲಿಯೇ ಇಲ್ಲದೆ ಮಳೆ ನೀರಿನ ಮೇಲೆ ನಡೆದುಕೊಂಡು ಬಂದದ್ದಕ್ಕೆ ಹೆಸರಾಗಿದೆ. ಅದು ಮೊದಲಿನಿಂದಲೂ ಮಳೆಗೆಂದೇ ಯೋಜಿಸಿದ ಮನೆ. ಹಳೆಯ ಮನೆಗೆ ಅದನ್ನೇ ತಂದು ಜೋಡಿಸಹೊರಟರೆ ಖರ್ಚಿಗೆ ಕೊನೆಯಿಲ್ಲ.

ತಾರಸಿಯಿಂದ ಸಂಪಿನವರೆಗಿನ ದಾರಿಯಲ್ಲಿ ಮೂರು ಘಟ್ಟ. ತಾರಸಿಯ ನೀರಿಳಿಯುವ ಪೈಪುಗಳನ್ನು ಒಂದು ಕಡೆಗೆ ತರುವುದು, ಮೊದಲ ಮಳೆಯನ್ನು ಹೊರಗೆ ಬಿಡುವುದು, ಸೋಸುವುದು. ಮೊದಲ ಎರಡು ಮೂರು ಮಿ.ಮೀ. ಮಳೆ ತಾರಸಿಯ ದೂಳು, ಪಾರಿವಾಳದ ಹಿಕ್ಕೆಯನ್ನೆಲ್ಲ ತೊಳೆದು ತರುತ್ತದೆ. ಅದಕ್ಕಾಗಿ ಪೈಪಿನ ಬುಡದಲ್ಲಿ ತಿರುಪಿನ ಮುಚ್ಚಳವಿರುವ ಒಂದು ತುಂಡು ಪೈಪು ಇಳಿಬಿಟ್ಟರೆ ಸಾಕು. ಮುಚ್ಚಳ ತೆಗೆದಿಟ್ಟು, ನೀರು ತಿಳಿಯಾದ ಮೇಲೆ ಮುಚ್ಚುವುದು. ಅಂಕಣಕಾರರ ಮನೆಯಲ್ಲಿ ಗೋಡೆಗೆ ಕೂರಿಸುವ ಫಿಲ್ಟರಿಗೆ 9,000 ರೂಪಾಯಿ, ಪೈಪು, ಬೆಂಡು, ಕೂಲಿಗೆ ಬೇರೆಯಾಗಿ 14,000 ರೂಪಾಯಿ ತಗುಲಿತು. ಫಿಲ್ಟರಿಗಿಂತ ಪೈಪಿನದೇ ಹೆಚ್ಚು, ಬಹುತೇಕ ಮನೆಗಳಲ್ಲಿ ಹೀಗೆಯೇ. ಮನೆ ಹಿಂದಿನ ಪೈಪನ್ನು ಮುಂದಿನ ಸಂಪಿಗೆ ತರಲು ಪ್ಲಂಬರ್ ಇನ್ನೂ ಆರು ಸಾವಿರ ಕೇಳಿದ್ದರಿಂದ ಅದನ್ನು ಕೈಬಿಟ್ಟು ಗಿಡಗಳಿಗೆ ತಿರುಗಿಸಲಾಯಿತು.

ಫಿಲ್ಟರಿನ ಒಳಗಿನ ಸ್ಟೀಲ್ ಜಾಲರಿಯನ್ನು ಏಪ್ರಿಲ್‌ನ ಮೊದಲ ಜೋರು ಮಳೆಯ ಮರುದಿನ ಬಿಚ್ಚಿ ನೋಡಿದರೆ ತಾರಸಿಯ ಚರಿತ್ರೆಯೇ ಸಿಗುತ್ತದೆ. ಬೇವಿನ ಹೂ, ಹೊಂಗೆ ಎಲೆ, ಪಾರಿವಾಳದ ಪುಕ್ಕ, ಉದುರಿದ ಸುಣ್ಣದ ಹಕ್ಕಳೆ, ಗಾಳಿಪಟದ ದಾರ, ಎಲ್ಲಕ್ಕೂ ಅಂಟಿಕೊಂಡ ಕಪ್ಪು ಕೆಸರು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯುವುದು ಹತ್ತು ನಿಮಿಷದ ಕೆಲಸ. ಇದನ್ನು ಮಾಡದಿದ್ದರೆ ಮುಂದಿನ ಮಳೆ ಸಂಪಿಗೆ ಹೋಗದೆ ಚರಂಡಿಗೆ ಹೋಗುತ್ತದೆ, ಮತ್ತು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಸಂಪು ತುಂಬಿ ಹೆಚ್ಚಾದ ನೀರಿಗೆ ಇಂಗುಬಾವಿ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ ತೋಡಿ ಸಿಮೆಂಟ್ ರಿಂಗುಗಳನ್ನು ಇಳಿಸಿ, ಸುತ್ತಲೂ ಜಲ್ಲಿ ತುಂಬಿ, ತಳವನ್ನು ಮಣ್ಣಾಗಿಯೇ ಬಿಟ್ಟು, ಮೇಲೆ ಭದ್ರವಾದ ಚಪ್ಪಡಿ ಹಾಕುತ್ತಾರೆ. ಬೆಂಗಳೂರಿನಲ್ಲಿ ಈ ಕಸುಬು ತಲೆಮಾರುಗಳಿಂದ ಮಣ್ಣು ವಡ್ಡರದು. ನಗರಕ್ಕೆ ಹತ್ತು ಲಕ್ಷ ಬಾವಿ ಎಂಬ ಆಂದೋಲನವನ್ನು ಬಯೋಮ್ ಟ್ರಸ್ಟ್‌ನ ಎಸ್. ವಿಶ್ವನಾಥ್ ಮತ್ತು ಸಂಗಡಿಗರು ಕಟ್ಟಿದ್ದು ಇವರ ಕೈಗುಣವನ್ನು ನಂಬಿಯೇ. ಅಂಕಣಕಾರರ ಮನೆಯ ಬಾವಿಗೆ 38,000 ರೂಪಾಯಿ ಆಯಿತು. ಫಿಲ್ಟರ್, ಪೈಪಿನ ಖರ್ಚು ವಾಪಸು ಬರುವಂತೆ ಈ ಹಣ ಬರುವುದಿಲ್ಲ. ಇಂಗಿದ ನೀರು ಬಂಡೆಯ ಬಿರುಕು ಹಿಡಿದು ಯಾವ ಮನೆಯ ಬೋರ್‌ವೆಲ್‌ಗೆ, ಯಾವಾಗ ಹೋಗುತ್ತದೆ ಎಂದು ಯಾರೂ ಹೇಳಲಾರರು. ಒಂದೇ ಮಳೆಗಾಲದಲ್ಲಿ 800 ಅಡಿಯ ಬೋರ್ ತುಂಬುತ್ತದೆ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ಆದರೂ ಬೀದಿಯ ಹತ್ತು ಮನೆಯವರು ಒಟ್ಟಿಗೆ ತೋಡಿಸಿದರೆ ಬಾವಿಯ ದರವೂ ಇಳಿಯುತ್ತದೆ, ಮಳೆ ಜೋರಾದಾಗ ರಸ್ತೆಯಲ್ಲಿ ನಿಲ್ಲುವ ನೀರೂ ಇಳಿಯುತ್ತದೆ. ಇದನ್ನು ವಂತಿಗೆ ಎಂದು ಬರೆದುಕೊಳ್ಳುವುದು ಸರಿ, ಹೂಡಿಕೆ ಎಂದಲ್ಲ.

ಕೈತೋಟಕ್ಕೆ ಇಷ್ಟೆಲ್ಲ ಬೇಡ. ನೂರು ಚದರ ಅಡಿಯ ಪೋರ್ಟಿಕೊ ಮೇಲಿನ ಇಪ್ಪತ್ತು ಮಿ.ಮೀ. ಮಳೆಗೆ 200 ಲೀಟರಿನ ಡ್ರಮ್ ಮುಕ್ಕಾಲು ತುಂಬುತ್ತದೆ. ತುಳಸಿ, ದಾಸವಾಳ, ಕರಿಬೇವು, ಹತ್ತಿಪ್ಪತ್ತು ಕುಂಡಗಳಿಗೆ ಎರಡು ಮಳೆಯ ನಡುವಿನ ಬಿಸಿಲು ದಿನಗಳನ್ನು ದಾಟಿಸಲು ಅದು ಸಾಕು. ಡ್ರಮ್ ಕೊಳ್ಳುವಾಗ ಮೊದಲು ಅದರಲ್ಲಿ ಏನಿತ್ತು ಎಂದು ಕೇಳಬೇಕು. ಅಡುಗೆ ಎಣ್ಣೆಯದಾದರೆ ಸರಿ, ರಾಸಾಯನಿಕದ್ದು ಬೇಡ. ಬಾಯಿಗೆ ಸೊಳ್ಳೆ ಪರದೆಯನ್ನು ಬಿಗಿಯಾಗಿ ಕಟ್ಟಲೇಬೇಕು. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಒಂದು ವಾರ, ಹತ್ತು ದಿನ ಸಾಕು, ಡೆಂಗಿಯ ಆಸ್ಪತ್ರೆ ಬಿಲ್ಲಿಗೆ ಎಷ್ಟು ಡ್ರಮ್ಮುಗಳ ಉಳಿತಾಯವೂ ಸಮವಾಗುವುದಿಲ್ಲ.

ಮಳೆ ನೀರಿಗೆ ಗಡಸುತನವಿಲ್ಲ. ಈ ಲಾಭ ನೀರಿನ ಬಿಲ್ಲಿನಲ್ಲಿ ಕಾಣುವುದಿಲ್ಲ. ಬೋರ್‌ವೆಲ್ ನೀರು ಓಡುವ ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ಕರೆಂಟು ತಿನ್ನುತ್ತದೆ, ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದೆ. ಮಳೆ ನೀರು ಬೆರೆತಷ್ಟೂ ಆ ಪದರ ತೆಳುವಾಗುತ್ತದೆ, ಸೋಪಿನ ಪುಡಿ ಕಡಿಮೆ ಸಾಕಾಗುತ್ತದೆ. ಕುಡಿಯಲು ಬಳಸುವುದಾದರೆ ಕುದಿಸಬೇಕು. ಸಂದೇಹವಿದ್ದರೆ ಎಚ್‌2ಎಸ್ ಪರೀಕ್ಷೆಯ ಪುಟ್ಟ ಸೀಸೆಯಲ್ಲಿ ನೀರು ತುಂಬಿಟ್ಟು ನೋಡಬಹುದು. ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಇರುವ ಸೂಚನೆ.

ರಾಜ್ಯದ ಎಲ್ಲ ಕಡೆ ಲೆಕ್ಕ ಒಂದೇ ಅಲ್ಲ. ಕರಾವಳಿಯಲ್ಲಿ ಮೂರೂವರೆ ಸಾವಿರ ಮಿ.ಮೀ. ಮಳೆ ಸುರಿದರೂ ಏಪ್ರಿಲ್, ಮೇನಲ್ಲಿ ಬಾವಿ ತಳ ಕಾಣುತ್ತದೆ. ಅಲ್ಲಿ ಅಂಗಳದಲ್ಲೇ ಬಾವಿ ಇರುವುದರಿಂದ ಹೆಂಚಿನ ಸೂರಿಗೆ ದಂಬೆ ಕಟ್ಟಿ, ಸೋಸಿ, ಬಾವಿಗೆ ಬಿಟ್ಟರಾಯಿತು. ಇದಕ್ಕಿಂತ ಅಗ್ಗದ ಕೊಯ್ಲು ಇಲ್ಲ. ಪಾವಗಡದಂಥ ತಾಲ್ಲೂಕುಗಳಲ್ಲಿ ಪ್ರಶ್ನೆ ಹಣದ್ದೇ ಅಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲು, ಮೂಳೆಗೆ ಹೋಗುತ್ತದೆ, ಕುದಿಸಿದರೂ ತೊಲಗುವುದಿಲ್ಲ. ಐದು ಜನರ ಕುಡಿಯುವ, ಅಡುಗೆಯ ನೀರು ದಿನಕ್ಕೆ 50 ಲೀಟರ್. ಮಳೆಯಿಲ್ಲದ 200 ದಿನಕ್ಕೆ 10,000 ಲೀಟರ್. ಬೆಂಗಳೂರಿನ ಮನೆಗೆ ದಂಡವೆನಿಸುವ ದೊಡ್ಡ ಟ್ಯಾಂಕ್ ಅಲ್ಲಿ ಸಾರ್ಥಕ.

ಇನ್ನು ನಿರ್ವಹಣೆ. ‘ಸುವರ್ಣ ಜಲ’ ಯೋಜನೆಯಲ್ಲಿ ರಾಜ್ಯದ ಸಾವಿರಾರು ಗ್ರಾಮೀಣ ಶಾಲೆಗಳಿಗೆ ತಾರಸಿ ಮಳೆಯ ಟ್ಯಾಂಕುಗಳು ಬಂದವು. ಪೈಪು ಮುರಿದು, ಫಿಲ್ಟರ್ ಕಟ್ಟಿ ಪಾಳುಬಿದ್ದವೂ ಬಹಳ. ಮನೆಯಲ್ಲೂ ವರ್ಷಕ್ಕೊಮ್ಮೆ ಸಂಪು ತೊಳೆಸಲು, ಜಾಲರಿ ಬದಲಿಸಲು ಒಂದೂವರೆ ಎರಡು ಸಾವಿರ ರೂಪಾಯಿ ಎತ್ತಿಡಬೇಕು.

ಬೆಂಗಳೂರಿನಲ್ಲಿ ಇದು ಇಷ್ಟಾನಿಷ್ಟದ ಮಾತೂ ಅಲ್ಲ. ಜಲಮಂಡಳಿ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿಯಂತೆ 60×40 ಅಡಿ ಮತ್ತು ಮೇಲ್ಪಟ್ಟ ನಿವೇಶನದ ಹಳೆಯ ಕಟ್ಟಡಗಳಿಗೆ, 30×40 ಅಡಿ ಮತ್ತು ಮೇಲ್ಪಟ್ಟ ನಿವೇಶನದ ಹೊಸ ಕಟ್ಟಡಗಳಿಗೆ ಮಳೆ ನೀರು ಕೊಯ್ಲು ಕಡ್ಡಾಯ. ಮಾಡಿಸದಿದ್ದರೆ ನೀರಿನ ಬಿಲ್ಲಿನ ಜೊತೆ ದಂಡ ಬರುತ್ತದೆ, ತಿಂಗಳು ಕಳೆದಂತೆ ಏರುತ್ತದೆ. ಕಾವೇರಿ ಸಾಕಷ್ಟು ಬರುವ ಮನೆಗೂ ಈ ದಂಡ ತಪ್ಪಿಸಿಕೊಳ್ಳುವುದೇ ನಿಜವಾದ ಉಳಿತಾಯ. ಜಯನಗರ 5ನೇ ಬ್ಲಾಕ್‌ನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಕೊಯ್ಲು ಉದ್ಯಾನವಿದೆ. ಬಗೆಬಗೆಯ ಫಿಲ್ಟರುಗಳು, ಇಂಗುಗುಂಡಿಗಳು ಅಲ್ಲಿ ಕಣ್ಣೆದುರಿಗೇ ಇವೆ. ಪ್ಲಂಬರಿಗೆ ಮುಂಗಡ ಕೊಡುವ ಮುಂಚೆ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ ನೋಡಿ ಬರುವುದು ಒಳ್ಳೆಯದು.