ಸಹಿ ಹಾಕುವ ಮುಂಚೆ

ಮಕ್ಕಳೇ, ಈ ಸಲ ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸಿದವರು ನಮ್ಮೂರಲ್ಲೂ ಹಲವರಿದ್ದೀರಿ. ನಿಮಗೆಂದೇ ಇದನ್ನು ಬರೆಯುತ್ತಿದ್ದೇನೆ. ಪಟ್ಟಿಯಲ್ಲಿ ಹೆಸರು ಬಂದ ದಿನವೇ ನೀವು ಗ್ರಾಮ ಸಭೆಯ ಸದಸ್ಯರಾದಿರಿ. ಅದಕ್ಕೆ ಯಾರ ಶಿಫಾರಸೂ ಬೇಕಿಲ್ಲ. ಪಂಚಾಯ್ತಿ ಅಧ್ಯಕ್ಷರ ಅವಧಿ ಮುಗಿಯುತ್ತದೆ, ಅಭಿವೃದ್ಧಿ ಅಧಿಕಾರಿ (ಪಿಡಿಒ) ವರ್ಗವಾಗಿ ಹೋಗುತ್ತಾರೆ. ನಿಮ್ಮ ಸದಸ್ಯತ್ವ ಮಾತ್ರ ಈ ಊರಿನ ಮತದಾರರಾಗಿರುವ ತನಕ ಇರುತ್ತದೆ.

1987ರ ಜನವರಿಯಲ್ಲಿ ನಾನು ಆಗಿನ ಮಂಡಲ ಪಂಚಾಯ್ತಿಗೆ ಗೆದ್ದೆ. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದ ಕಾಲ ಅದು. ಹಳ್ಳಿಹಳ್ಳಿಗೂ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು. ನೂರಕ್ಕೆ 25 ಸ್ಥಾನ ಹೆಂಗಸರಿಗೆ ಎಂಬ ಕಾನೂನು ಇಲ್ಲದಿದ್ದರೆ ನನ್ನಂಥವಳು ಆ ಕಟ್ಟಡದ ಹೊಸಿಲು ದಾಟುತ್ತಿರಲಿಲ್ಲ. ದಾಟಿದೆ. ಆದರೆ ಮೊದಲ ವರ್ಷವೆಲ್ಲ ನಡಾವಳಿ ಪುಸ್ತಕವನ್ನು ಓದದೆ ಸಹಿ ಹಾಕಿದೆ. ‘ಇಲ್ಲೊಂದು ಹಾಕಕ್ಕ’ ಅಂದರು, ಹಾಕಿದೆ. ಶಾಲೆಯ ಹೆಂಚು ದುರಸ್ತಿಗೆಂದು ಹಣ ಖರ್ಚಾಗಿದೆ ಎಂದು ಆ ಪುಸ್ತಕ ಹೇಳುತ್ತಿತ್ತು. ಆಷಾಢದ ಮಳೆಯಲ್ಲಿ ಆ ಶಾಲೆಗೆ ಹೋದರೆ ಮಕ್ಕಳು ಸ್ಲೇಟನ್ನು ತಲೆಯ ಮೇಲೆ ಹಿಡಿದು ಕೂತಿದ್ದರು. ಆ ನಿರ್ಣಯದ ಕೆಳಗೆ ನನ್ನ ಸಹಿ ಇತ್ತು. ಎಷ್ಟೋ ವರ್ಷ ಕಳೆದರೂ ಆ ಸಂಕಟ ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ಮೊದಲು ಹೇಳುವುದು ಇದು: ಗ್ರಾಮ ಸಭೆಯ ಹಾಜರಾತಿ ಪುಸ್ತಕ ಮನೆ ಬಾಗಿಲಿಗೆ ಬಂದರೆ ಸಹಿ ಹಾಕಬೇಡಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ನಡೆಯಲೇಬೇಕು. ಮತದಾರರಲ್ಲಿ ಹತ್ತರಲ್ಲೊಬ್ಬರು ಅಥವಾ 100 ಜನ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟಾದರೂ ಹಾಜರಿರಬೇಕು. ಅಷ್ಟು ಜನ ಸೇರಲಿಲ್ಲವೆಂದರೆ ಪುಸ್ತಕಕ್ಕೆ ಕಾಲು ಬರುತ್ತದೆ, ಓಣಿ ಓಣಿ ತಿರುಗುತ್ತದೆ. ಅದರಲ್ಲಿ ನೀವು ಹಾಕುವ ಒಂದು ಗೀಟು, ನೀವು ಕಾಣದ ಕ್ರಿಯಾ ಯೋಜನೆಗೆ, ಕೇಳದ ಫಲಾನುಭವಿ ಪಟ್ಟಿಗೆ ಒಪ್ಪಿಗೆಯಾಗಿಬಿಡುತ್ತದೆ. ಮನೆ ಇಲ್ಲದವಳ ಹೆಸರು ಬಿಟ್ಟುಹೋಗಿ ತಾರಸಿ ಮನೆಯವನ ಹೆಸರು ಸೇರುವುದು ಹೀಗೆ.

ಸಭೆಗೆ ಹೋಗಿ. ಅದಕ್ಕಿಂತ ಮೊದಲು ವಾರ್ಡ್ ಸಭೆಗೆ ಹೋಗಿ. ನಿಮ್ಮ ಬೀದಿಯ ಬೇಡಿಕೆ ಅಲ್ಲಿಂದಲೇ ಹೊರಡಬೇಕು. ಇನ್ನು ಜಮಾಬಂದಿ. ಈ ಹೆಸರನ್ನೇ ಕೇಳದವರು ನಿಮ್ಮಲ್ಲಿ ಎಷ್ಟು ಮಂದಿಯೋ. ಪ್ರತಿವರ್ಷ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ, ಹಿಂದಿನ ವರ್ಷದ ಜಮೆ, ಖರ್ಚು, ಕಾಮಗಾರಿ ಎಲ್ಲವನ್ನೂ ಜನರ ಎದುರು ತೆರೆದಿಡಬೇಕೆಂದು 2004ರಲ್ಲೇ ನಮ್ಮ ರಾಜ್ಯದಲ್ಲಿ ನಿಯಮ ಬಂದಿದೆ. ಕೆಲವು ವರ್ಷದ ಹಿಂದೆ ನಮ್ಮ ಓಣಿಯ ಇಬ್ಬರು ಕಾಲೇಜು ಹುಡುಗಿಯರು ನನ್ನ ಹತ್ತಿರವಿದ್ದ ಟೇಪು ಇಸಕೊಂಡು ಜಮಾಬಂದಿಗೆ ಬಂದರು. ಕಾಮಗಾರಿಯ ಅಳತೆ ಬರೆಯುವ ಎಂಬಿ ಪುಸ್ತಕದಲ್ಲಿ ಚರಂಡಿ 60 ಮೀಟರ್ ಎಂದಿತ್ತು. ಒಬ್ಬಳು ಗಂಗಮ್ಮನ ಗುಡಿಯ ಹತ್ತಿರ ತುದಿ ಹಿಡಿದಳು, ಇನ್ನೊಬ್ಬಳು ಟೇಪು ಬಿಡುತ್ತಾ ನಡೆದಳು. 42ಕ್ಕೆ ಚರಂಡಿ ಮುಗಿದು ಮಣ್ಣು ಬಂತು. ಯಾರೂ ಕೂಗಾಡಲಿಲ್ಲ. ‘ಉಳಿದಿದ್ದು ಎಲ್ಲಿದೆ ಸಾರ್?’ ಎಂದು ಕೇಳಿ, ಆ ಮಾತನ್ನು ನಡಾವಳಿಯಲ್ಲಿ ಬರೆಸಿ, ಬರೆದದ್ದನ್ನು ಓದಿಸಿ ಕೇಳಿದರು. ದೀಪಾವಳಿಯ ಹೊತ್ತಿಗೆ ಉಳಿದ 18 ಮೀಟರ್ ಕಟ್ಟಿದರು. ಬಾಯಲ್ಲಿ ಆಡಿದ್ದು ಚಹಾದಂಗಡಿಯಲ್ಲೇ ಉಳಿಯುತ್ತದೆ, ನಡಾವಳಿಗೆ ಹತ್ತಿದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ದಾಖಲೆ ತೋರಿಸುವುದಿಲ್ಲ ಎಂದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಬರಬೇಕು.

ಕೇಳುವ ಬಾಯಿ ಗಟ್ಟಿಯಾಗಿರಬೇಕಾದರೆ ಕೈ ಶುದ್ಧವಾಗಿರಬೇಕು. 2020ರ ಡಿಸೆಂಬರ್ ಚುನಾವಣೆಗೆ ಮುಂಚೆ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಕೂಗಿದ್ದು ಪತ್ರಿಕೆಗಳಲ್ಲಿ ಬಂತು. ದೇವಸ್ಥಾನಕ್ಕೆ ದುಡ್ಡು ಬರುತ್ತದೆ, ಊರಲ್ಲಿ ಜಗಳವಿರುವುದಿಲ್ಲ ಎನ್ನುತ್ತಾರೆ. ಲಕ್ಷಗಟ್ಟಲೆ ಕೂಗಿ ಗೆದ್ದವನು ಅದನ್ನು ಎಲ್ಲಿಂದ ವಾಪಸ್ ತೆಗೆಯುತ್ತಾನೆ, ನೀವೇ ಯೋಚಿಸಿ. ಮತದಾನದ ಹಿಂದಿನ ರಾತ್ರಿ ಹಂಚುವ ನೋಟು, ಬಾಡೂಟ, ಸೀರೆ ಎಲ್ಲವೂ ಹೊರಡುವುದು ನಮ್ಮ ಚರಂಡಿಯಿಂದಲೇ. ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಯಾಕೆ ಇಲ್ಲ ಎಂಬುದನ್ನು ಮರೆತು, ಜಾತಿ ನೋಡಿ, ಬಣ ನೋಡಿ ಮತ ಹಾಕಬೇಡಿ. ಮನೆ ಕಂದಾಯ, ನೀರಿನ ತೆರಿಗೆ ಬಾಕಿ ಇಟ್ಟುಕೊಂಡು ನೀರುಗಂಟಿಯನ್ನು ಬೈಯಲೂಬೇಡಿ.

ಇನ್ನೊಂದು ಮಾತು, ಇದು ನನ್ನ ಕರುಳಿಗೆ ಹತ್ತಿರದ್ದು. ಈಗ ಅರ್ಧ ಸ್ಥಾನ ಹೆಂಗಸರದ್ದು. ಗೆದ್ದವಳು ಗೋಡೆ ಪಕ್ಕ ಕೂತಿರುತ್ತಾಳೆ, ಗಂಡನೋ ಮೈದುನನೋ ಉತ್ತರ ಕೊಡುತ್ತಿರುತ್ತಾನೆ. ನೀವು ಅವನನ್ನು ಕೇಳಬೇಡಿ. ‘ಅಕ್ಕ, ನೀವು ಹೇಳಿ’ ಎಂದು ಅವಳತ್ತಲೇ ತಿರುಗಿ. ಅವಳು ಮೊದಲ ಸಲ ತಡವರಿಸಿದರೆ ನಗಬೇಡಿ, ಕಾಯಿರಿ. ನನಗೂ ಹಾಗೆ ಯಾರಾದರೂ ಕಾದಿದ್ದರೆ ಆ ವರ್ಷವೇ ಪುಸ್ತಕ ಓದುವ ಧೈರ್ಯ ಬರುತ್ತಿತ್ತು.

ಟೇಪು ಈಗಲೂ ನಮ್ಮ ನಡುಮನೆಯ ಗೂಡಿನಲ್ಲಿದೆ. ಜಮಾಬಂದಿಯ ಡಂಗುರ ಕೇಳಿಸಿದ ದಿನ ಬಂದು ತೆಗೆದುಕೊಂಡು ಹೋಗಿ.